ವರ್ಷದ ಹೊಸ್ತಿಲು ದಾಟಿದವನು

ಚಂದ್ರನ ಲೆಕ್ಕದ ಹನ್ನೆರಡನೇ ತಿಂಗಳು, ಹದಿನೆಂಟು

ಇವತ್ತೂ ಸಹಿ ಆಗಲಿಲ್ಲ. ಬರೆದಾದರೂ ಹೊಟ್ಟೆಯ ಉರಿ ತಣ್ಣಗಾಗಲಿ ಎಂದು ಕೂತಿದ್ದೇನೆ. ಈ ಮನೆಯಲ್ಲಿ ಜೋರಾಗಿ ಬೈದುಕೊಳ್ಳುವುದಕ್ಕೂ ಜಾಗವಿಲ್ಲ.

ಮಧ್ಯಾಹ್ನ ರಾದಿಮ್ ಊಟಕ್ಕೆ ಬಂದಿದ್ದ. ಚೆಕ್ ದೇಶದವನು. ಅಲ್ಲಿ ನೆಲೆಸಿರುವ ನಮ್ಮ ಹನೋಯ್ ಕಡೆಯ ಜನರ ಅಂಗಡಿಗಳಿಗೆ ಅಕ್ಕಿ, ಶ್ಯಾವಿಗೆ ಹಾಕಿ ದುಡ್ಡು ಕಂಡವನು. ಉಪ್ಪಿನಲ್ಲಿ ಮೀನು ಹುದುಗಿಸಿ ರಸ ಇಳಿಸುವ ನಮ್ಮ ಮೀನುರಸದ ಮನೆಗೆ ಬಂಡವಾಳ ಹಾಕಿ ಅರ್ಧ ಪಾಲುದಾರನಾಗುತ್ತೇನೆ ಎಂದು ಇದು ಮೂರನೇ ಸಲ ಬಂದಿದ್ದಾನೆ. ಕಾಗದಪತ್ರ ಎಲ್ಲ ಸಿದ್ಧ. ನಾನಂತೂ ಯಾವತ್ತೋ ಒಪ್ಪಿಯಾಗಿದೆ. ಆದರೆ ಜಾಗ ಇರುವುದು ಅಮ್ಮನ ಹೆಸರಿನಲ್ಲಿ, ಅಮ್ಮ ಪೆನ್ನು ಮುಟ್ಟುತ್ತಿಲ್ಲ.

ಅಕ್ಕಪಕ್ಕದ ಮೀನುರಸದವರೆಲ್ಲ ಕಡಲ ದಂಡೆಯ ಹೋಟೆಲ್ ಕಂಪನಿಗೆ ಮಾರಿ ಹೋದರು. ಉಳಿದಿರುವುದು ನಮ್ಮದೊಂದು ಅಂಗಳ, ಅಪ್ಪ ಬಿಟ್ಟುಹೋದ ಗುಡಾಣಗಳು. ಅಕ್ಕನ ಗಂಡ ದಾಂಗ್ ಭಾವನಿಗೆ ಅದನ್ನೂ ಮಾರಿಸುವ ಆತುರ. ಹೊಸ ವರ್ಷದ ಮೊದಲ ಹುಣ್ಣಿಮೆಯ ತನಕ ಮಾತ್ರ ಹೋಟೆಲ್‌ನವರು ಕಾಯುತ್ತಾರಂತೆ. ಅಷ್ಟರೊಳಗೆ ರಾದಿಮ್‌ನ ಕಾಗದದ ಮೇಲೆ ಅಮ್ಮನ ಸಹಿ ಬೀಳದಿದ್ದರೆ ಗುಡಾಣ ಬರಿದು ಮಾಡಿ ಎದ್ದು ಹೋಗಬೇಕು. ನನಗೆ ಐವತ್ತೆಂಟು. ಬೇರೆ ಕೆಲಸ ಬರುವುದಿಲ್ಲ.

ರಾದಿಮ್ ಅನ್ನದ ಬಟ್ಟಲು ಕೆಳಗಿಟ್ಟು ನೇರವಾಗಿ ಕೇಳಿದ. “ನಿಮ್ಮಮ್ಮನ್ನ ಕೇಳು. ಇಷ್ಟ ಇದೆಯೋ ಇಲ್ವೋ? ಇಲ್ಲ ಅಂದ್ರೆ ಇಲ್ಲ ಅನ್ಲಿ, ನಂಗೇನೂ ಬೇಜಾರಿಲ್ಲ.”

ಅಯ್ಯೋ ಪುಣ್ಯಾತ್ಮ! ಊಟದ ಚಾಪೆಯ ಮೇಲೆ ಕೂತು, ಹಿರಿಯರ ಮುಖಕ್ಕೆ ಮುಖ ಕೊಟ್ಟು ಹೀಗೆ ಕೇಳುವುದುಂಟೇ? ನಾನು ಅಮ್ಮನ ಕಡೆ ತಿರುಗಿದೆ.

“ಅಡುಗೆ ತುಂಬಾ ರುಚಿಯಾಗಿದೆಯಂತಮ್ಮ.”

“ಅಷ್ಟುದ್ದ ಮಾತಾಡಿದ್ದು ಅಷ್ಟಕ್ಕೇನಾ?” ಅಮ್ಮ ಅವನ ಬಟ್ಟಲಿಗೆ ಇನ್ನೊಂದು ತುಂಡು ಮೀನು ಹಾಕಿದಳು. “ಈ ಪರಂಗಿಯವನ ಅವಸರ ನೋಡು. ಹೆಣ್ಣು ನೋಡೋಕೆ ಬಂದು ಇವತ್ತೇ ಕರ್ಕೊಂಡ್ ಹೋಗ್ತೀನಿ ಅನ್ನೋ ಹಂಗಿದಾನೆ.”

“ಅಮ್ಮ ಪ್ರೀತಿಯಿಂದ ಯೋಚನೆ ಮಾಡ್ತಿದ್ದಾರೆ,” ಎಂದು ಅವನಿಗೆ ಹೇಳಿದೆ.

ಹರೆಯದಲ್ಲಿ ಚೆಕ್ ದೇಶದ ಬರ್ನೋ ಊರಿನ ಶೂ ಕಾರ್ಖಾನೆಯಲ್ಲಿ ದುಡಿದದ್ದರಿಂದ ನನಗೆ ಆ ಭಾಷೆ ಬಂತು. ಈ ಮನೆಯಲ್ಲಿ ಬೇರೆ ಯಾರಿಗೂ ಬಾರದು. ಎರಡು ಕಡೆಯ ಮಾತೂ ನನ್ನ ನಾಲಿಗೆ ದಾಟಿಯೇ ಹೋಗಬೇಕು. ಕಲ್ಲು ಹರಳು ಆರಿಸಿ ದಾಟಿಸುತ್ತೇನೆ. ನಾನಿಲ್ಲದಿದ್ದರೆ ಇವರಿಬ್ಬರೂ ಮೊದಲ ದಿನವೇ ಮುಖ ತಿರುಗಿಸಿಕೊಂಡು ಎದ್ದು ಹೋಗುತ್ತಿದ್ದರು. ಈ ಪರಂಗಿಯವನಿಗೆ ಅದರ ಅರಿವೇ ಇಲ್ಲ.

ಹನ್ನೆರಡನೇ ತಿಂಗಳು, ಇಪ್ಪತ್ತಮೂರು

ಒಲೆದೇವರನ್ನು ಆಕಾಶಕ್ಕೆ ಬೀಳ್ಕೊಡುವ ದಿನ. ದೇವರ ಸವಾರಿಗೆಂದು ಕೊಳಕ್ಕೆ ಮೀನು ಬಿಟ್ಟು ಬಂದ ಮೇಲೆ ಅಮ್ಮ ಖುಷಿಯಲ್ಲಿದ್ದಳು. ಇದೇ ಸಮಯ ಎಂದು ಮೆಲ್ಲಗೆ ಕಾಗದದ ಮಾತು ತೆಗೆದೆ.

“ವರ್ಷದ ಬಾಗ್ಲು ಯಾರು ತೆರೀತಾರೆ ನೋಡ್ತೀನಿ,” ಎಂದಳು ಅಮ್ಮ. “ಹೊಸ ವರ್ಷದ ಬೆಳಿಗ್ಗೆ ಒಳ್ಳೇ ಕಾಲು ಹೊಸ್ತಿಲು ದಾಟಿ ಒಳಗೆ ಬಂದ್ರೆ ನಿನ್ನ ಪರಂಗಿಯವನ ಕಾಗದಕ್ಕೆ ಸಹಿ ಹಾಕ್ತೀನಿ. ಇಲ್ಲಾ, ದಾಂಗ್ ಹೇಳ್ದಂಗೆ ಮಾರ್ಬಿಡೋಣ. ಇನ್ನು ನಂಗೆ ತ್ರಾಣ ಇಲ್ಲಪ್ಪ.”

ಅಮ್ಮನ ಜೊತೆ ಈ ವಿಷಯದಲ್ಲಿ ವಾದ ಮಾಡುವ ಹಾಗಿಲ್ಲ. ನಾನು ಚಿಕ್ಕವನಿದ್ದಾಗ ತೆತ್, ಅಂದರೆ ಹೊಸ ವರ್ಷದ ಹಬ್ಬದ ಒಂದು ಬೆಳಿಗ್ಗೆ, ಹೆಂಡತಿ ಸತ್ತು ತಿಂಗಳೂ ಆಗದ ನೆರೆಯವನೊಬ್ಬ ಬೆಂಕಿಕಡ್ಡಿ ಕೇಳಲು ನಮ್ಮ ಮನೆಯೊಳಗೆ ಮೊದಲು ಕಾಲಿಟ್ಟ. ಆ ವರ್ಷ ಅಪ್ಪನ ದೋಣಿ ವಾಪಸ್ ಬರಲಿಲ್ಲ. ಅಂದಿನಿಂದ ಅಮ್ಮ ವರ್ಷದ ಮೊದಲ ಕಾಲನ್ನು ಗೊತ್ತು ಮಾಡಿಯೇ ಇಡುತ್ತಾಳೆ. ಈ ಸಲ ನಿವೃತ್ತ ಹೆಡ್‌ಮಾಸ್ಟರ್ ಕ್ವೆ ಮೇಷ್ಟ್ರು. ಹೆಂಡತಿ ಇದ್ದಾಳೆ, ಮನೆ ತುಂಬ ಮೊಮ್ಮಕ್ಕಳು, ನಮ್ಮ ಹನ್ನೆರಡು ಪ್ರಾಣಿಗಳ ವರ್ಷದ ಲೆಕ್ಕದಲ್ಲಿ ಹುಟ್ಟಿದ್ದು ಕೋತಿಯ ವರ್ಷ, ಬರುವುದು ಡ್ರ್ಯಾಗನ್ ವರ್ಷ. ಎರಡಕ್ಕೂ ಚೆನ್ನಾಗಿ ಕೂಡಿಬರುತ್ತದೆ.

ಸಂಜೆ ಮೇಷ್ಟ್ರ ಮನೆಗೆ ಹೋಗಿ ಕೇಳಿಕೊಂಡೆ. “ನೋಡಪ್ಪ ಥುಯೆನ್, ನಲವತ್ತು ವರ್ಷ ತಲೆ ಉಪಯೋಗಿಸಿ ಪಾಠ ಮಾಡಿದೆ, ಯಾರೂ ಕರೀಲಿಲ್ಲ. ಈಗ ಕಾಲಿಗೆ ಬೆಲೆ ಬಂತು,” ಎಂದು ನಕ್ಕರು. ಬರುತ್ತಾರೆ. ಎದೆಯ ಮೇಲಿನ ಭಾರ ಅರ್ಧ ಇಳಿಯಿತು.

ಹನ್ನೆರಡನೇ ತಿಂಗಳು, ಇಪ್ಪತ್ತಾರು

ರಾದಿಮ್ ಜೊತೆ ಕಾಫಿ. ಪ್ರಾಗ್‌ನಲ್ಲಿರುವ ಅವನ ಪಾಲುದಾರ ದಿನಾ ಫೋನ್ ಮಾಡಿ ತಲೆ ತಿನ್ನುತ್ತಿದ್ದಾನಂತೆ. ಹಬ್ಬದ ಎಂಟನೇ ದಿನ ವಿಮಾನ. ಅಷ್ಟರಲ್ಲಿ ಆಗದಿದ್ದರೆ ಆ ದುಡ್ಡನ್ನು ಬೇರೆ ಕಡೆ ಹಾಕುತ್ತಾರಂತೆ. “ಅಮ್ಮ ಹಬ್ಬ ಕಳೀಲಿ ಅಂತಿದ್ದಾರೆ,” ಎಂದೆ. ಬಾಗಿಲು, ಕಾಲು, ವರ್ಷ ಎಂದೆಲ್ಲ ಹೇಳಿದರೆ ಕಾಗದ ಮಡಚಿಕೊಂಡು ಹೋಗಿಬಿಟ್ಟಾನು.

“ಹಬ್ಬಕ್ಕೆ ಊರಿಗೆ ಹೋಗಿ ಬರಬಾರದಿತ್ತಾ?” ಎಂದು ಉಪಚಾರಕ್ಕೆ ಕೇಳಿದೆ.

“ಅಲ್ಲಿ ಯಾರಿದ್ದಾರೆ?” ಅಂದ. “ಹೆಂಡತಿ ಬಿಟ್ಟು ಹೋಗಿ ಎಷ್ಟೋ ವರ್ಷ ಆಯ್ತು. ಅಪ್ಪ ಇದ್ರು. ನವೆಂಬರಿನಲ್ಲಿ ಹೋಗ್ಬಿಟ್ರು.”

ಅಯ್ಯೋ ಪಾಪ ಎನ್ನುವುದಕ್ಕೂ ಮೊದಲು ನನ್ನ ತಲೆಗೆ ಬಂದದ್ದು ಅಮ್ಮ. ಇವನು ಸೂತಕದವನು! ನಮ್ಮ ಕಡೆ ಆಗಿದ್ದರೆ, ನೂರು ದಿನ ತುಂಬದ ಇಂಥವನು ಹಬ್ಬದಲ್ಲಿ ತಾನಾಗಿಯೇ ಯಾರ ಮನೆಗೂ ಕಾಲಿಡದೆ ಇರುತ್ತಿದ್ದ. ಇವನಿಗೆ ಯಾರು ಹೇಳಬೇಕು?

ಅಷ್ಟರಲ್ಲಿ ಅವನೇ ಕೇಳಿದ. “ಹಬ್ಬದ ದಿನ ನಿಮ್ಮನೆಗೆ ಬರಬಹುದಾ? ನಾನು ಇಳ್ಕೊಂಡಿರೋ ಹೋಟೆಲ್ಲಲ್ಲಿ ನಾನೂ ವಾಚ್‌ಮನ್ನೂ ಇಬ್ಬರೇ ಇರ್ತೀವಿ.”

ಬರಬೇಡ ಎಂದು ಮನುಷ್ಯನ ಮುಖಕ್ಕೆ ಹೇಳುವುದು ಹೇಗೆ? “ಮೊದಲ ದಿನ ಬೆಳಿಗ್ಗೆ ನಮ್ಮನೇಲಿ ತುಂಬಾ ಗಡಿಬಿಡಿ. ನಿಂಗೂ ಓಡಾಡಿ ಸುಸ್ತಾಗಿರುತ್ತೆ, ಚೆನ್ನಾಗಿ ನಿದ್ದೆ ಮಾಡು. ನಮ್ಮನೆ ಬಾಗಿಲು ಯಾವಾಗ್ಲೂ ತೆರೆದೇ ಇರುತ್ತೆ,” ಎಂದೆ. ನಮ್ಮೂರಿನ ಸಣ್ಣ ಮಗುವಿಗೂ ಅರ್ಥವಾಗುತ್ತದೆ, ಬರಬೇಡ ಎಂದು. ಅವನೂ ತಲೆಯಾಡಿಸಿ, “ಅರ್ಥ ಆಯ್ತು, ಥ್ಯಾಂಕ್ಸ್,” ಅಂದ. ನೋವಾಗದ ಹಾಗೆ ಕೆಲಸ ಮುಗಿಯಿತು. ಈ ಕಲೆ ಎಲ್ಲರಿಗೂ ಬರುವುದಿಲ್ಲ.

ಹನ್ನೆರಡನೇ ತಿಂಗಳು, ಕೊನೆಯ ದಿನ

ಮನೆ ತೊಳೆದಾಯಿತು. ಕಡುಬು ಬೆಂದವು. ಪೊರಕೆ ಬಚ್ಚಿಟ್ಟಾಯಿತು, ನಾಳೆ ಯಾರೂ ಮರೆತು ಅದೃಷ್ಟವನ್ನು ಹೊರಗೆ ಗುಡಿಸದಿರಲಿ. ಮೇಷ್ಟ್ರು ಬೆಳಿಗ್ಗೆ ಏಳಕ್ಕೆ ಬರುತ್ತಾರೆ. ದೇವರೇ, ಅಲ್ಲಿಯ ತನಕ ನಾಯಿ ಕೂಡ ಒಳಗೆ ಬರದಿರಲಿ.

ಮೊದಲ ತಿಂಗಳು, ಒಂದು



ಏಳಕ್ಕೆ ಸ್ವಲ್ಪ ಮೊದಲು ನಾನು ಗುಡಾಣಗಳ ಮುಚ್ಚಳ ತೆಗೆದು ಬಿಸಿಲಿಗೆ ಬಿಡುತ್ತಿದ್ದೆ. ಅಮ್ಮ ಹೊಸ ಅಂಗಿ ತೊಟ್ಟು ತೀರಿಹೋದ ಹಿರಿಯರ ಪೂಜೆಯ ಪೀಠದ ಮುಂದೆ ಕೂತಿದ್ದಳು. ನನ್ನ ಹೆಂಡತಿ ಲ್ಯೂ ಚಹಾ ತಟ್ಟೆ ಹಿಡಿದು ನಿಂತಿದ್ದಳು. ಗೇಟಿನ ಸದ್ದಾಯಿತು. ಮೇಷ್ಟ್ರು ಬೇಗ ಬಂದರು ಎಂದು ತಿರುಗಿ ನೋಡುತ್ತೇನೆ, ಕೆಂಪು ಟೈ ಕಟ್ಟಿಕೊಂಡು, ಬಿಸ್ಕತ್ತಿನ ಡಬ್ಬ ಹಿಡಿದು ರಾದಿಮ್! ಕೈಯಲ್ಲಿದ್ದ ಮುಚ್ಚಳ ಅಲ್ಲೇ ಬಿಸಾಡಿದೆ. ಅವನ ಉದ್ದ ಕಾಲಿಗೆ ನಮ್ಮ ಅಂಗಳ ಯಾವ ಲೆಕ್ಕ? ನಾನು ಓಡಿ ಬರುವಷ್ಟರಲ್ಲಿ ಹೊಸ್ತಿಲು ದಾಟಿ ಒಳಗೆ ನಿಂತು, ಬಾಯಿಪಾಠ ಮಾಡಿಕೊಂಡಿದ್ದ ಹೊಸ ವರ್ಷದ ಹಾರೈಕೆಯನ್ನು ನಮ್ಮ ಭಾಷೆಯಲ್ಲಿ ಒಪ್ಪಿಸುತ್ತಿದ್ದ.

ಅವನ ಹಿಂದೆಯೇ ಗೇಟಿನಲ್ಲಿ ಕ್ವೆ ಮೇಷ್ಟ್ರು. ಒಳಗೆ ನೋಡಿದರು, ನನ್ನ ಮುಖ ನೋಡಿದರು. “ನನ್ನ ಕಾಲಿನ ಕೆಲಸ ಇನ್ನೊಬ್ರ ಕಾಲು ಮಾಡ್ಬಿಡ್ತಲ್ಲೋ,” ಎಂದು ಅಲ್ಲೇ ನಿಂತುಬಿಟ್ಟರು.

“ಯಾಕಪ್ಪಾ ಬಂದೆ?” ಎಂದು ಚೆಕ್ ಭಾಷೆಯಲ್ಲಿ ಕೇಳಿದೆ. ಅವನು ಕಣ್ಣರಳಿಸಿದ. “ನೀನೇ ಹೇಳಿದ್ಯಲ್ಲ, ಬಾಗಿಲು ಯಾವಾಗ್ಲೂ ತೆರೆದೇ ಇರುತ್ತೆ ಅಂತ? ಗಡಿಬಿಡಿ ಇರುತ್ತೆ ಅಂದೆ, ಏನಾದ್ರೂ ಕೈ ಜೋಡಿಸೋಣ ಅಂತ ಬೇಗ ಬಂದೆ.”

ನನ್ನ ತಲೆಯನ್ನು ಗುಡಾಣಕ್ಕೆ ಚಚ್ಚಿಕೊಳ್ಳಬೇಕು ಅನಿಸಿತು.

ಅಮ್ಮ ಎದ್ದು ಬಂದಳು. ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ಯಾವ ವರ್ಷ ಹುಟ್ಟಿದ್ದು ಕೇಳು,” ಎಂದಳು. ಕೇಳಿ ಹೇಳಿದೆ. ಅಮ್ಮ ಬೆರಳ ಗಿಣ್ಣು ಎಣಿಸಿದಳು. ಹುಂಜದ ವರ್ಷ. ಡ್ರ್ಯಾಗನ್ನಿಗೂ ಹುಂಜಕ್ಕೂ ಮೇಷ್ಟ್ರ ಕೋತಿಗಿಂತ ಒಳ್ಳೆಯ ನಂಟು! ಅಮ್ಮನ ಮುಖ ಬಿರಿಯಿತು. “ಬೆಳ್ಳಗಿದಾನೆ, ಎತ್ತರ ಇದಾನೆ, ಕೈಯಲ್ಲಿ ಕಾಸಿದೆ. ಕರೀದೇನೆ ಬಂದ ಅದೃಷ್ಟ ಕಣೋ ಇದು. ಅಪ್ಪ ಅಮ್ಮ ಚೆನ್ನಾಗಿದಾರಾ ಕೇಳು.”

ಹಬ್ಬದಲ್ಲಿ ಯಾರು ಬಂದರೂ ಕೇಳುವ ಮೊದಲ ಪ್ರಶ್ನೆ. ಅದನ್ನು ಬದಲಿಸಲು ಒಂದು ಕ್ಷಣವಿತ್ತು. ನನ್ನ ಬಾಯಿ ಆ ಒಂದು ಸಲ ಮಾತ್ರ ಸರಿಯಾಗಿ ಅನುವಾದ ಮಾಡಿಬಿಟ್ಟಿತು. ಎಂಥ ಕರ್ಮ!

ರಾದಿಮ್‌ನ ಕಣ್ಣು ಒದ್ದೆಯಾಯಿತು. “ಅಮ್ಮ ಯಾವಾಗ್ಲೋ ಹೋದ್ರು. ಅಪ್ಪ ನವೆಂಬರ್ ಹದಿನಾಲ್ಕಕ್ಕೆ ತೀರಿಕೊಂಡ್ರು ಅಂತ ಹೇಳು.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹಿಂದೆ ಬಿಸಿಲಿಗೆ ಬಾಯಿ ತೆರೆದ ಗುಡಾಣಗಳು, ಮುಂದೆ ಅಮ್ಮ.

“ಅಮ್ಮ ಇಲ್ಲವಂತೆ, ತುಂಬಾ ಹಿಂದೆಯೇ ಹೋದರಂತೆ. ಅಪ್ಪ ಗಟ್ಟಿಮುಟ್ಟಾಗಿದ್ದಾರಂತೆ,” ಎಂದೆ.

ಅಮ್ಮ ಹಬ್ಬದ ಕಾಣಿಕೆ ದುಡ್ಡಿಟ್ಟ ಕೆಂಪು ಲಕೋಟೆ ತೆಗೆದು ಎರಡೂ ಕೈಯಲ್ಲಿ ಅವನಿಗೆ ಕೊಟ್ಟಳು. “ಇದು ನಿಮ್ಮಪ್ಪಂಗೆ. ನೂರು ವರ್ಷ ಚೆನ್ನಾಗಿ ಬಾಳ್ಲಿ.” ನಾನು ಅವನಿಗೆ, “ಇದು ನಿನ್ನ ಅಪ್ಪನಿಗೆ ಅಂತ ಅಮ್ಮ ಕೊಡ್ತಿದ್ದಾರೆ,” ಎಂದೆ. ಅಷ್ಟು ಮಾತ್ರ ನಿಜ. ಅವನು ಮಾತಾಡಲಾಗದೆ ಎರಡೂ ಕೈಯಲ್ಲಿ ತೆಗೆದುಕೊಂಡು ಬಗ್ಗಿದ.

“ಆರನೇ ದಿನ ಒಳ್ಳೇದಿದೆ. ಕಾಗದ ತರೋಕ್ ಹೇಳು,” ಎಂದಳು ಅಮ್ಮ. ಇಷ್ಟು ದಿನ ಇದೊಂದು ಮಾತಿಗಾಗಿ ಕಾದಿದ್ದೆ.

ಮೊದಲ ತಿಂಗಳು, ಎರಡು

ಅಮ್ಮ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ, ಈ ವರ್ಷ ನಮ್ಮನೆ ಬಾಗಿಲು ಪರಂಗಿ ದೇಶದ ಹುಂಜ ತೆರೆಯಿತು ಎಂದು. ಈಗ ಅವಳಿಗೆ ರಾದಿಮ್‌ನ ಅಪ್ಪನ ಜೊತೆ ಫೋನಿನಲ್ಲಿ ಮಾತಾಡಬೇಕಂತೆ, ಮುಖ ಕಾಣುವ ಫೋನಿನಲ್ಲಿ. “ಹಬ್ಬದಲ್ಲಿ ಬೀಗರನ್ನೂ ಮಾತಾಡಿಸ್ತೀವಿ, ಪಾಲುದಾರನ ಅಪ್ಪನ್ನ ಮಾತಾಡಿಸ್ದಿದ್ರೆ ಹೆಂಗೆ?”

“ಅಲ್ಲಿ ಈಗ ರಾತ್ರಿ ಅಮ್ಮ.”

ಮಧ್ಯಾಹ್ನ ಮತ್ತೆ ಕೇಳಿದಳು. ಈಗ ಬೆಳಿಗ್ಗೆ, ವಾಕಿಂಗ್ ಹೋಗಿರುತ್ತಾರೆ ಎಂದೆ. ಸತ್ತ ಮನುಷ್ಯನನ್ನು ವಾಕಿಂಗ್‌ಗೆ ಕಳಿಸಿದೆ. ಥೂ.

ಮೊದಲ ತಿಂಗಳು, ನಾಲ್ಕು

ಬೆಳಿಗ್ಗೆ ಅಪ್ಪನ ಕಾಲದ ಗುಡಾಣವೊಂದು ಬುಡದಿಂದ ಬಿರುಕು ಬಿಟ್ಟಿತು. ವರ್ಷದ ರಸ ಅಂಗಳದ ತುಂಬ. ದಾಂಗ್ ಭಾವ ಪ್ಯಾಂಟು ಎತ್ತಿಕೊಂಡು ನೋಡಿ, “ವರ್ಷ ಚೆನ್ನಾಗಿ ತೆರ್ಕೊಂಡಿದೆ ಅಂದ್ರಿ?” ಎಂದು ಕುಟುಕಿದ.

“ಹಳೇ ಗುಡಾಣ, ಒಡೀತು. ನಮ್ಮ ಬಾಗ್ಲಿಗೆ ಒಳ್ಳೇ ಕಾಲೇ ಬಿದ್ದಿರೋದು,” ಎಂದಳು ಅಮ್ಮ. ಅವಳ ನಂಬಿಕೆ ನೋಡಿ ನನಗೆ ಭಯವಾಯಿತು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಬಗ್ಗಿ ಒರೆಸುವಾಗ ಅಪ್ಪನ ದೋಣಿಯೇ ಕಣ್ಣ ಮುಂದೆ.

ಲ್ಯೂ ಪಕ್ಕದಲ್ಲೇ ಕೂತು ಒರೆಸುತ್ತಿದ್ದಳು. ತಲೆ ಎತ್ತದೆ ಕೇಳಿದಳು. “ರಾದಿಮ್ ಅಪ್ಪ ಹೋಗಿ ಎಷ್ಟು ದಿನ ಆಯ್ತು?”

ನಾನು ಇನ್ನೊಂದು ಒಣಬಟ್ಟೆಗೆ ಕೈ ಚಾಚಿದೆ.

“ಅಪ್ಪ ಗಟ್ಟಿಮುಟ್ಟಾಗಿದ್ದಾರೆ ಅನ್ನೋ ಮನುಷ್ಯ ಕಣ್ಣಲ್ಲಿ ನೀರು ತುಂಬ್ಕೊಳ್ತಾನಾ? ನಂಗೆ ಅವನ ಭಾಷೆ ಬರಲ್ಲ, ಕಣ್ಣಿದೆ.” ಬಟ್ಟೆ ಹಿಂಡಿದಳು. “ಅತ್ತೆಗೆ ಹೇಳ್ಬಿಡಿ.”

“ಸಹಿ ಆಗ್ಲಿ. ಆಮೇಲೆ ಹೇಳ್ತೀನಿ.”

“ಆಮೇಲೆ ಹೇಳೋ ನಿಜಕ್ಕೆ ಯಾರು ಕಿವಿ ಕೊಡ್ತಾರೆ? ಎಲ್ರಿಗೂ ತುಪ್ಪ ಸವರ್ಕೊಂಡು ಬಂದ್ರಿ ಇಷ್ಟು ವರ್ಷ. ನನ್ನ ಅಪ್ಪ ಅಮ್ಮನ ಮುಂದೂ ಹಿಂಗೇ ಮಾಡಿದ್ದು ನೀವು.” ಎದ್ದು ಹೋದಳು. ಇವಳಿಗೆ ವ್ಯವಹಾರ ತಿಳಿಯುವುದಿಲ್ಲ.

ಮೊದಲ ತಿಂಗಳು, ಐದು

ರಾದಿಮ್ ಬಂದಿದ್ದ. ಮರದ ಹುಟ್ಟು ಹಿಡಿದು ಗುಡಾಣ ಕಲಕುವುದನ್ನು ಕಲಿಸಿಕೊಡು ಅಂದ. ಸೂಟಿಗೆಲ್ಲ ಮೀನಿನ ನಾತ ಹತ್ತಿಸಿಕೊಂಡ, ಮೂಗು ಮುಚ್ಚಲಿಲ್ಲ. ಒಡೆದ ಗುಡಾಣದ ಚೂರುಗಳನ್ನು ನನ್ನ ಜೊತೆ ಬೇಲಿಯ ತನಕ ಹೊತ್ತ. ನಡುವೆ ನಿಂತು ಹೇಳಿದ:

“ಅಪ್ಪ ಹೋದಾಗ ಆಫೀಸಿನವರೆಲ್ಲ ಫೋನಿಗೆ ಸಂದೇಶ ಕಳಿಸಿದ್ರು, ಅಷ್ಟೇ. ಮನೆಗೆ ಯಾರೂ ಬರಲಿಲ್ಲ. ನಿಮ್ಮಮ್ಮ ವಿಷಯ ಕೇಳಿದ್ದೇ ತಡ, ಎರಡೂ ಕೈಯಲ್ಲಿ ಕೊಟ್ರು. ಆ ಲಕೋಟೆ ಒಡೆದಿಲ್ಲ ನಾನು. ಹೋಟೆಲ್ಲಲ್ಲಿ ಅಪ್ಪನ ಫೋಟೋ ಮುಂದೆ ಇಟ್ಟಿದ್ದೀನಿ.”

ಹೂಂ ಎಂದೆ. ನಾಳೆ ಸಹಿ.

ಮೊದಲ ತಿಂಗಳು, ಆರು

ಎಲ್ಲವನ್ನೂ ಬರೆಯಬೇಕು. ಇಲ್ಲವಾದರೆ ನಾಳೆ ಇದನ್ನೂ ನುಣ್ಣಗೆ ಮಾಡಿ ನನಗೇ ಹೇಳಿಕೊಂಡೇನು.

ಅಮ್ಮ ಕನ್ನಡಕ ಹಾಕಿಕೊಂಡು ಕೂತಿದ್ದಳು. ಎದುರಿಗೆ ಕಾಗದ. ಅಕ್ಕ, ದಾಂಗ್ ಭಾವ, ಲ್ಯೂ, ಸಾಕ್ಷಿಗೆ ಕ್ವೆ ಮೇಷ್ಟ್ರು. ಅಮ್ಮ ಪೆನ್ನಿನ ಮುಚ್ಚಳ ತೆಗೆದಳು.

“ಒಂದು ನಿಮಿಷ,” ಎಂದು ರಾದಿಮ್ ಎದ್ದ. ಚೀಲದಿಂದ ಚೌಕಟ್ಟು ಹಾಕಿದ ಫೋಟೋ ತೆಗೆದು, ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು ಅಮ್ಮನಿಗೆ ಬಗ್ಗಿದ. ಟೊಪ್ಪಿ ಹಾಕಿಕೊಂಡ ಮುದುಕ, ಮೀನು ಹಿಡಿಯುವ ಗಾಳ ಹಿಡಿದು ನಗುತ್ತಿದ್ದಾನೆ. “ಸಾವಿನ ಸುದ್ದಿ ಕೇಳಿ ಅಪ್ಪನಿಗೆ ಕೈಯಾರೆ ಗೌರವ ಕೊಟ್ಟವರು ನೀವೊಬ್ಬರೇ. ಸಹಿಗೆ ಮೊದಲು ಅದನ್ನ ಹೇಳಬೇಕು ಅನಿಸ್ತು. ಇವರ ಮುಂದೆ ಒಂದು ಊದುಬತ್ತಿ ಹಚ್ಚಬಹುದಾ ಅಂತ ಕೇಳು.”

“ಏನಂತೆ?” ಅಮ್ಮನ ಪೆನ್ನು ಕಾಗದದ ಮೇಲೆ ನಿಂತಿತ್ತು. “ಅಪ್ಪನಾ ಇವ್ರು? ನಗು ನೋಡು, ಮಗಂದೇ. ಏನಂತೆ ಹೇಳೋ.”

ಫೋಟೋದ ಮೂಲೆಯಲ್ಲಿ ಸತ್ತವರ ಗುರುತಿನ ಕಪ್ಪು ಪಟ್ಟಿ ಇರಲಿಲ್ಲ. ಅಪ್ಪ ತನ್ನ ಪಟ ಕಳಿಸಿ ಹಾರೈಸಿದ್ದಾರಂತೆ ಎಂದುಬಿಟ್ಟರೆ ಮುಗಿಯಿತು. ಪೆನ್ನು ಇಳಿಯುತ್ತದೆ, ಗುಡಾಣ ಉಳಿಯುತ್ತದೆ. ಮಾತು ನಾಲಿಗೆಯ ತುದಿಯಲ್ಲಿ ತಯಾರಿತ್ತು. ಆದರೆ ಅವನು ಆ ಪಟವನ್ನು ಎರಡೂ ಕೈಯಲ್ಲಿ ಹಿಡಿದು, ಕೈ ಸೋತರೂ ಇಳಿಸದೆ ನಿಂತಿದ್ದ. ಅದನ್ನು ನೋಡಿಕೊಂಡು ಹೇಳಲಾಗಲಿಲ್ಲ.

“ಅಮ್ಮ, ಅವರಪ್ಪ ಸತ್ತು ಹೋಗಿದ್ದಾರೆ. ನವೆಂಬರ್ ಹದಿನಾಲ್ಕಕ್ಕೆ. ಒಂದನೇ ತಾರೀಖು ಅವನು ನಿನಗೆ ಅದನ್ನೇ ಹೇಳಿದ್ದ. ಸುಳ್ಳು ಹೇಳಿದ್ದು ನಾನು.”

ಭಾವ, “ಸೂತಕದ ಕಾಲು! ನಾನ್ ಹೇಳ್ಲಿಲ್ವಾ? ಗುಡಾಣ ಸುಮ್ನೆ ಒಡೀತಾ?” ಎಂದು ಎದ್ದು ನಿಂತ. ಅಮ್ಮ ಕೈಯೆತ್ತಿ ಅವನನ್ನು ಕೂರಿಸಿದಳು. ಪೆನ್ನಿಗೆ ಮುಚ್ಚಳ ಹಾಕಿದಳು.

“ಸತ್ತವ್ರಿಗೆ ನೂರು ವರ್ಷ ಬಾಳ್ಲಿ ಅಂತ ನನ್ನ ಬಾಯಲ್ಲಿ ಹೇಳಿಸ್ದಲ್ಲೋ,” ಎಂದಳು, ಜೋರಾಗಿ ಅಲ್ಲ. “ಆ ಹಿರಿ ಜೀವದ ಪಟದ ಮುಂದೆ ನಾನು ಯಾವ ಮುಖ ಇಟ್ಕೊಂಡು ನಿಂತ್ಕೊಳ್ಲಿ? ಇದನ್ನೂ ಅವನಿಗೆ ಹೇಳು. ಆರಿಸ್ಬೇಡ. ನಾನು ಅಂದಂಗೇ ಹೇಳು.”

ಹೇಳಿದೆ. ನನ್ನ ಅಮ್ಮ ನನ್ನನ್ನು ಬೈದದ್ದನ್ನು ಒಂದಕ್ಷರ ಬಿಡದೆ ಇನ್ನೊಂದು ಭಾಷೆಯಲ್ಲಿ ನಾನೇ ಹೇಳಿದೆ.

ರಾದಿಮ್ ನಿಧಾನಕ್ಕೆ ಕೇಳಿದ. “ಅವತ್ತು ಅಮ್ಮನಿಗೆ ಗೊತ್ತೇ ಇರ್ಲಿಲ್ವಾ? ಹಾಗಾದ್ರೆ ಆ ಲಕೋಟೆ?”

“ಬದುಕಿದ್ದಾರೆ ಅಂದ್ಕೊಂಡು ಕೊಟ್ಟಿದ್ದು.”

ಅವನು ಪಟವನ್ನು ಕಾಗದದ ಪಕ್ಕದಲ್ಲಿ ಮೆಲ್ಲಗೆ ಇಟ್ಟು ಹೊರಗೆ ನಡೆದ. ಹಿಂದೆ ಓಡಿದೆ. ಗೇಟಿನಲ್ಲಿ ನಿಂತು, “ನನಗೆ ಬರಬೇಡ ಅಂತ ಒಂದು ಮಾತು ಹೇಳಿದ್ರೆ ಬರ್ತಿರ್ಲಿಲ್ಲ ಥುಯೆನ್. ಅಷ್ಟೇ ಸಾಕಿತ್ತು,” ಎಂದು ಹೋದ.

ಮೊದಲ ತಿಂಗಳು, ಏಳು

ರಾದಿಮ್ ಫೋನ್ ತೆಗೆಯುತ್ತಿಲ್ಲ. ಪಟ ಇಲ್ಲೇ ಬಿಟ್ಟುಹೋಗಿದ್ದಾನೆ. ಅಮ್ಮ ಅದನ್ನು ಹಿರಿಯರ ಪೀಠದ ಕೆಳಗೆ ಬೇರೆ ಮಣೆಯ ಮೇಲೆ ಇಟ್ಟು, ಅನ್ನ, ಮೊಟ್ಟೆ, ಚಹಾ ಇಟ್ಟಿದ್ದಾಳೆ. ನನ್ನ ಜೊತೆ ಮಾತಿಲ್ಲ.

ಸಂಜೆ ಕರೆದಳು. ಕೈಯಲ್ಲಿ ಒಂದು ಬಿಳಿ ಲಕೋಟೆ, ಸಾವಿನ ಮನೆಗೆ ಕೊಡುವಂಥದ್ದು. “ತಗೊಂಡ್ ಹೋಗಿ ಅವನ ಕೈಗೆ ಕೊಡು. ಇದು ಗೊತ್ತಿದ್ದು ಕೊಟ್ಟಿದ್ದು ಅಂತ ಹೇಳು.”

“ಸಹಿ, ಅಮ್ಮ?”

“ಇನ್ನೂ ಅದೇ ಕೇಳ್ತೀಯಲ್ಲ!” ಎಂದಳು. ಆಮೇಲೆ ಚಾಪೆ ತೋರಿಸಿ, “ಕೂತ್ಕೋ. ಇದನ್ನೂ ಹೇಳು. ವರ್ಷದ ಬಾಗ್ಲು ಅವನೇ ತೆರ್ದಾಯ್ತು, ಇನ್ನು ಮುಚ್ಚೋಕಾಗಲ್ಲ. ಈ ವರ್ಷ ಅವನದು. ಒಳ್ಳೇದಾದ್ರೂ ಅವನ ಲೆಕ್ಕಕ್ಕೆ, ಕೆಟ್ಟದ್ದಾದ್ರೂ ಅವನ ಲೆಕ್ಕಕ್ಕೆ. ತೆರ್ದು ಓಡಿ ಹೋಗೋದಲ್ಲ. ಹದಿಮೂರಕ್ಕೆ ಅವರಪ್ಪನ ನೂರನೇ ದಿನ ಬೀಳುತ್ತೆ, ಎಣಿಸಿದೀನಿ. ಅಳು ನಿಲ್ಲಿಸೋ ದಿನ. ಬಂದು ಮಗನಾಗಿ ಅದನ್ನ ಮಾಡಿ, ಅಳು ಮುಗಿಸ್ಕೊಂಡು ಅದೇ ಬಾಗ್ಲಲ್ಲಿ ಇನ್ನೊಂದ್ಸಲ ಒಳಗೆ ಬರ್ಲಿ. ಆಮೇಲೆ ಕಾಗದದ ಮಾತು.”

ಹೋಟೆಲ್ಲಿಗೆ ಹೋದೆ. ಬಾಗಿಲಲ್ಲೇ ನಿಂತು ಅಷ್ಟನ್ನೂ ಹೇಳಿದೆ, ಅಮ್ಮ ಹೇಳಿದ ಕ್ರಮದಲ್ಲೇ. ಅವನು ಲಕೋಟೆ ತೆಗೆದುಕೊಂಡ. “ನಾಳೆ ವಿಮಾನ ಇದೆ,” ಅಂದ. “ಹದಿಮೂರರ ತನಕ ನಿಂತ್ರೆ ಪಾಲುದಾರ ದುಡ್ಡು ಹಿಂದಕ್ಕೆ ತಗೋತಾನೆ. ನಿಂತ ಮೇಲೂ ನಿಮ್ಮಮ್ಮ ಸಹಿ ಹಾಕ್ತಾರೆ ಅಂತ ಏನು ಗ್ಯಾರಂಟಿ?”

ಮೊದಲಾಗಿದ್ದರೆ ಹಾಕ್ತಾರೆ, ಯೋಚನೆ ಮಾಡಬೇಡ ಎನ್ನುತ್ತಿದ್ದೆ. “ಗ್ಯಾರಂಟಿ ಇಲ್ಲ. ನಂಗೊತ್ತಿಲ್ಲ,” ಎಂದೆ. ಅವನು ಬಾಗಿಲು ಹಾಕಿಕೊಂಡ.

ಮೊದಲ ತಿಂಗಳು, ಎಂಟು

ಬೆಳಿಗ್ಗೆಯೇ ಹನೋಯ್‌ಗೆ ಕಾರು ಮಾಡಿಕೊಂಡು ಹೋದನಂತೆ. ವಾಚ್‌ಮನ್ ಹೇಳಿದ.

ಮೊದಲ ತಿಂಗಳು, ಹನ್ನೊಂದು

ದಾಂಗ್ ಭಾವ ಹೋಟೆಲ್ ಕಂಪನಿಯವರನ್ನು ಕರೆದುಕೊಂಡು ಬಂದು ಅಂಗಳ ಅಳೆಸಿದ. “ಹದಿನಾರಕ್ಕೆ ಬರ್ತಾರೆ ಥುಯೆನ್. ಗುಡಾಣ ಯಾರಾದ್ರೂ ಗಿಡ ನೆಡೋಕೆ ಕೊಳ್ತಾರಾ ವಿಚಾರಿಸು.” ಯಾವಾಗಲೂ ನೋಡೋಣ ಭಾವ ಎನ್ನುವವನು ನಾನು. “ನಂಗೆ ಇಷ್ಟ ಇಲ್ಲ,” ಎಂದೆ. ಭಾವ ಬಾಯಿ ತೆರೆದು ನೋಡಿದ. ನನಗೂ ಆಶ್ಚರ್ಯವೇ, ನಿದ್ದೆ ಇಲ್ಲದ್ದಕ್ಕೆ ಇರಬೇಕು.

ಇವತ್ತೂ ಅಮ್ಮ ಮುದುಕನ ಪಟಕ್ಕೆ ಚಹಾ ಇಟ್ಟಳು.

ಮೊದಲ ತಿಂಗಳು, ಹದಿಮೂರು

ಬೆಳಿಗ್ಗೆ ಅಮ್ಮ ಯಾರಿಗೂ ಏನೂ ಹೇಳದೆ ಎಡೆ ಬಡಿಸಿದಳು. “ಮಗ ಬರ್ದಿದ್ರೂ ನಾವು ಮಾಡೋದೇ. ಅಪರಿಚಿತರ ಮನೇಲಿ ಹಸ್ಕೊಂಡು ಕೂತಿದೆ ಆ ಜೀವ.” ನಾನು ಮುಚ್ಚಳ ತೆಗೆಯುತ್ತಿದ್ದೆ. ಕಿವಿ ಮಾತ್ರ ಗೇಟಿನ ಕಡೆ. ಎಂಟಾಯಿತು, ಒಂಬತ್ತಾಯಿತು.

ಗೇಟಿನ ಸದ್ದಾಯಿತು.

ಟೈ ಇಲ್ಲ, ಬಿಸ್ಕತ್ತಿನ ಡಬ್ಬ ಇಲ್ಲ. ಹೊಸ್ತಿಲ ಹೊರಗೇ ನಿಂತು ನನ್ನ ಮುಖ ನೋಡಿದ. “ಬರಬಹುದಾ? ಹೌದೋ ಅಲ್ವೋ, ನೇರ ಹೇಳು.”

“ಬಾ. ಬರಬೇಕು ನೀನು,” ಎಂದೆ.

ವಿಮಾನದ ಟಿಕೆಟ್ ಬದಲಿಸಿ ಹನೋಯ್‌ನಲ್ಲೇ ಇದ್ದನಂತೆ. ಪಾಲುದಾರ ಕೂಗಾಡಿ ಕೈಬಿಟ್ಟ. ಸಾಲ ಮಾಡಿಯಾದರೂ ತಾನೊಬ್ಬನೇ ಹಾಕುತ್ತಾನಂತೆ, ಅರ್ಧ ಪಾಲಿಗಲ್ಲ, ಮೂರರಲ್ಲಿ ಒಂದಕ್ಕೆ. ಎಲ್ಲವನ್ನೂ ಅಮ್ಮನಿಗೆ ಇದ್ದ ಹಾಗೆ ಹೇಳಿದೆ, ದುಡ್ಡು ಕಡಿಮೆಯಾದದ್ದನ್ನೂ. ಅಮ್ಮ ಕೇಳಿಸಿಕೊಂಡಳು, ಊದುಬತ್ತಿ ಹಚ್ಚಿ ಅವನ ಕೈಗೆ ಕೊಟ್ಟಳು. ಅವನು ಪಟದ ಮುಂದೆ ಕೂತು ತನ್ನ ಭಾಷೆಯಲ್ಲಿ ತುಂಬಾ ಹೊತ್ತು ಮಾತಾಡಿದ, ಅತ್ತ. ನಾನು ಅಮ್ಮನಿಗೆ ಹೇಳಲು ಬಾಯಿ ತೆರೆದೆ. “ಬೇಡ, ಅದು ಅಪ್ಪ ಮಗನ ಮಾತು,” ಎಂದಳು.

ಊಟವಾದ ಮೇಲೆ ಅದೇ ಚಾಪೆಯ ಮೇಲೆ ಹೊಸ ಕಾಗದ ಹರಡಿದೆವು. ಅಮ್ಮ ಪೆನ್ನು ಹಿಡಿದು ನನ್ನ ಕಡೆ ನೋಡಿದಳು. “ಅವನ್ನ ಕೇಳು. ದುಡ್ಡು ಕಮ್ಮಿ, ಗುಡಾಣ ಹಳೇವು, ವರ್ಷ ಅವನ ತಲೆ ಮೇಲಿದೆ. ಇಷ್ಟ ಇದೆಯೋ ಇಲ್ವೋ? ಇಲ್ಲ ಅಂದ್ರೆ ಇಲ್ಲ ಅನ್ಲಿ, ನಂಗೇನೂ ಬೇಜಾರಿಲ್ಲ.”

ಕೇಳಿದೆ. ರಾದಿಮ್ ನನ್ನನ್ನೇ ನೋಡಿದ. “ಹಬ್ಬಕ್ಕೆ ಮೊದಲು ಇಲ್ಲೇ ಕೂತು ನಾನೂ ಇದೇ ಮಾತು ಕೇಳಿದ್ದೆ. ಅವತ್ತು ಅಮ್ಮನಿಗೆ ಏನಂತ ಹೇಳಿದೆ ನೀನು?”

“ಅಡುಗೆ ರುಚಿಯಾಗಿದೆ ಅಂತ.”

“ಏನಂತೆ?” ಎಂದಳು ಅಮ್ಮ. ಅದನ್ನೂ ಹೇಳಿದೆ. ಅಮ್ಮ ಪೆನ್ನು ಹಿಡಿದ ಕೈಯಲ್ಲೇ ನನ್ನ ತಲೆಗೊಂದು ಮೊಟಕಿದಳು. ಹಣೆಗೆ ಶಾಯಿ ಹತ್ತಿತು. ಲ್ಯೂ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು. ರಾದಿಮ್ ನಕ್ಕ, ಪಟದಲ್ಲಿನ ಮುದುಕನದೇ ನಗು. “ಇಷ್ಟ ಇದೆ,” ಅಂದ, ನಮ್ಮ ಭಾಷೆಯಲ್ಲೇ. ನನ್ನನ್ನು ಕಾಯಲಿಲ್ಲ.

ಅಮ್ಮ ಸಹಿ ಹಾಕಿದಳು, ಒಂದೊಂದೇ ಅಕ್ಷರ ಬಿಡಿಸಿ.

ಶಾಯಿ ಆರುವ ಮೊದಲೇ ಹೊರಗೆ ತುಂತುರು ಶುರುವಾಯಿತು. ಗುಡಾಣಗಳ ಬಾಯಿ ತೆರೆದಿತ್ತು, ಮಳೆನೀರು ಬಿದ್ದರೆ ರಸ ಕೆಡುತ್ತದೆ. “ತಮ್ಮಾ, ಆ ಸಾಲು ನೀನು ಮುಚ್ಚು!” ಎಂದು ಕೂಗಿ ಓಡಿದೆ. ಅವನು ಆಗಲೇ ಅಂಗಳದಲ್ಲಿದ್ದ.